ನಮ್ಮ ಮಾಸ್ಟರ್ ಫೈಲುಗಳ ಲೌಡ್‌ನೆಸ್ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೆ,

ಮುಂದಿನ ತಿಂಗಳ 1ರಿಂದ ನಮ್ಮ ಸ್ಟುಡಿಯೊ ಕೊಡುವ ಮಾಸ್ಟರ್‌ಗಳ (ಬಿಡುಗಡೆಗೆ ಸಿದ್ಧವಾದ ಅಂತಿಮ ಫೈಲುಗಳ) ಸದ್ದು ಮೊದಲಿಗಿಂತ ತಗ್ಗಿರುತ್ತದೆ. ಇಲ್ಲಿಯವರೆಗೆ ಹೆಚ್ಚಿನ ಹಾಡುಗಳನ್ನು −8 ಲಫ್ಸ್ (LUFS: ಕಿವಿಗೆ ಎಷ್ಟು ಜೋರು ಎಂಬುದರ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಆಸುಪಾಸಿಗೆ ಏರಿಸಿ ಕೊಡುತ್ತಿದ್ದೆವು. ಇನ್ನು ಮುಂದೆ ಭಾವಗೀತೆ, ಕರ್ನಾಟಕ ಸಂಗೀತಕ್ಕೆ −16ರಿಂದ −14. ಕುಣಿತದ ಹಾಡುಗಳಿಗೆ −11ರ ಸುತ್ತಮುತ್ತ. ಟ್ರೂ ಪೀಕ್, ಅಂದರೆ ಅಲೆಯ ನಿಜವಾದ ತುತ್ತತುದಿ, ಯಾವುದರಲ್ಲೂ −1 ಡಿಬಿ (ಡೆಸಿಬೆಲ್) ದಾಟುವುದಿಲ್ಲ, ಏಕೆಂದರೆ ಎಎಸಿ, ಎಂಪಿ3ಯಂಥ ಕಿರಿದಾಗಿಸಿದ ಫೈಲಿಗೆ ಇಳಿಸುವಾಗ ಪೀಕ್ ತುಸು ಏರಿ ಸದ್ದು ಒಡೆಯಬಹುದು.

ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು −14ರ ಮಟ್ಟಕ್ಕೆ ತಂದು ನುಡಿಸುತ್ತದೆ. −8ರ ಮಾಸ್ಟರ್ ಅಲ್ಲಿ 6 ಡಿಬಿ ಇಳಿಯುತ್ತದೆ. ಆದರೆ ಅಷ್ಟು ಜೋರು ಮಾಡಲು ಲಿಮಿಟರ್ (ಪೀಕ್ ಮಿತಿ ದಾಟದಂತೆ ತಡೆಯುವ ಸಾಧನ) ಸವರಿಹಾಕಿದ ಮೃದಂಗದ ಪೆಟ್ಟು ಮರಳಿ ಬರುವುದಿಲ್ಲ. ಅತಿಯಾಗಿ ತಗ್ಗಿಸಿದರೂ ತೊಂದರೆಯೇ: −20 ಲಫ್ಸ್ ಇರುವ ಹಾಡಿನ ಪೀಕ್ −5ರಲ್ಲಿದ್ದರೆ ಸ್ಪಾಟಿಫೈ ಅದನ್ನು −16ರವರೆಗೆ ಮಾತ್ರ ಎತ್ತುತ್ತದೆ, ಪೀಕ್ −1 ಮುಟ್ಟಿದಲ್ಲಿಗೆ ನಿಲ್ಲಿಸುತ್ತದೆ. ಹಾಗಾಗಿ ಮಿಕ್ಸ್‌ನಲ್ಲೇ (ಗಾಯನ, ವಾದ್ಯಗಳನ್ನು ಬೆರೆಸುವ ಹಂತದಲ್ಲೇ) ಒಂದೆರಡು ಒರಟು ಪೆಟ್ಟುಗಳನ್ನು ಕೈಯಾರೆ ತಗ್ಗಿಸುವುದು ಇಡೀ ಹಾಡನ್ನು ಲಿಮಿಟರ್‌ಗೆ ತಳ್ಳುವುದಕ್ಕಿಂತ ಎಷ್ಟೋ ಮೇಲು.

ಮೀಟರ್ ನೋಡುವಾಗ ಒಂದು ಎಚ್ಚರ. ಪೀಕ್ ಮೀಟರ್ ತೋರಿಸುವುದು ಅಲೆಯ ತುದಿಯನ್ನು; ಕಿವಿಗೆ ಎಷ್ಟು ಜೋರು ಎಂಬುದನ್ನಲ್ಲ. ಮೃದಂಗದ ಒಂದು ಚಾಪು ಪೀಕ್ ಮೀಟರನ್ನು ಚಿಮ್ಮಿಸಿದರೂ ಲಫ್ಸ್ ಸಂಖ್ಯೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ತಂಬೂರಿ ಪೀಕ್‌ನಲ್ಲಿ ಕೆಳಗಿದ್ದರೂ ಎಡೆಬಿಡದೆ ಮಿಡಿಯುವುದರಿಂದ ಲೆಕ್ಕಕ್ಕೆ ಸೇರುತ್ತದೆ. ಲಫ್ಸ್ ಮೀಟರ್‌ನಲ್ಲಿ ಮೊಮೆಂಟರಿ ಎಂಬ ಸಂಖ್ಯೆ ಆಗಷ್ಟೇ ಕೇಳಿದ 400 ಮಿಲಿಸೆಕೆಂಡಿನದು, ಶಾರ್ಟ್ ಟರ್ಮ್ 3 ಸೆಕೆಂಡಿನದು. ನಾವು ಮೇಲೆ ಹೇಳಿದ್ದು ಇಂಟಿಗ್ರೇಟೆಡ್: ರೀಸೆಟ್ ಒತ್ತಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ ಮೇಲೆ ಸಿಗುವ ಸಂಖ್ಯೆ. ಪಲ್ಲವಿಯನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ.

ನೀವು ಕಳಿಸುವ ಮಿಕ್ಸ್ 24 ಬಿಟ್ ವೇವ್ ಫೈಲ್ ಆಗಿರಲಿ, ಪೀಕ್ −6 ಡಿಬಿ ಹತ್ತಿರವಿರಲಿ, ಮಾಸ್ಟರ್ ಬಸ್‌ನ (ಎಲ್ಲ ಟ್ರ್ಯಾಕ್‌ಗಳೂ ಕೂಡುವ ಕೊನೆಯ ಚಾನೆಲ್‌ನ) ಲಿಮಿಟರ್ ತೆಗೆದಿರಲಿ. ಲಿಮಿಟರ್ ಇಟ್ಟುಕೊಂಡೇ ಸದ್ದಿನ ಮಟ್ಟ ಬದಲಿಸುವ ಫೇಡರನ್ನು 6 ಡಿಬಿ ಇಳಿಸಿ ಕಳಿಸಬೇಡಿ. ಮೀಟರ್‌ನಲ್ಲಿ ಜಾಗ ಕಾಣುತ್ತದೆ, ಪೆಟ್ಟು ಮಾತ್ರ ಆಗಲೇ ಹೋಗಿರುತ್ತದೆ. ಲಿಮಿಟರ್‌ನ ಗುಣವೇ ನಿಮಗೆ ಇಷ್ಟವಾಗಿದ್ದರೆ ಎರಡೂ ಬಗೆಯ ಫೈಲ್ ಕೊಡಿ.

ಹೊಸ ಮಾಸ್ಟರನ್ನು ಹಳೆಯದರ ಜೊತೆ ಹೋಲಿಸುವ ಮುನ್ನ, ಎರಡರ ಗಾಯನವೂ ಒಂದೇ ಮಟ್ಟದಲ್ಲಿ ಕೇಳುವವರೆಗೆ ಹಳೆಯದರ ವಾಲ್ಯೂಮ್ ಇಳಿಸಿ. ಹಾಗೆ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎನಿಸುತ್ತದೆ.

ದರದಲ್ಲಿ ಬದಲಾವಣೆಯಿಲ್ಲ. ಟಿವಿಗೆ ಹೋಗುವ ಹಾಡಾದರೆ ಚಾನೆಲ್ ಕೇಳುವ ಲೌಡ್‌ನೆಸ್ ಸಂಖ್ಯೆಯನ್ನು ಮಿಕ್ಸ್ ಜೊತೆಗೇ ಬರೆದು ಕಳಿಸಿ, ಅದಕ್ಕೆ ಬೇರೆ ಮಾಸ್ಟರ್ ಮಾಡಿಕೊಡುತ್ತೇವೆ.

ಇಂತಿ,
ಮಿಕ್ಸಿಂಗ್ ವಿಭಾಗ, ಬಸವನಗುಡಿ, ಬೆಂಗಳೂರು