ಮಗಳಿಗೊಂದು ಪತ್ರ: ಗ್ಲೌಸ್ ನನ್ನ ಹತ್ತಿರವೇ ಇವೆ

ಪುಟ್ಟಿ,

ಫೋನಿನಲ್ಲಿ ಕೇಳಿದರೆ "ಏನಿಲ್ಲಪ್ಪ, ಆರಾಮಾಗಿದ್ದೀನಿ" ಅಂದುಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದದ್ದನ್ನು ನೀನು ಕೊನೆತನಕ ಓದುತ್ತೀಯ ಅನ್ನೋ ನಂಬಿಕೆ ನನಗಿದೆ.

ಭಾನುವಾರದ ಫುಟ್‌ಬಾಲ್ ಮ್ಯಾಚ್‌ನಲ್ಲಿ ನಾನು ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನಗೆ ಅದೆಲ್ಲ ಪೂರ್ತಿ ನೆನಪಿದೆಯೋ ಇಲ್ಲವೋ ಅನ್ನೋದೇ ನನ್ನ ಚಿಂತೆ. ಕಾರ್ನರ್ ಕಿಕ್ ಬಂತು, ಚೆಂಡು ಗುಂಪಿನ ನಡುವೆ ಕೆಳಗೆ ಬಿತ್ತು, ನೀನು ಹಾರಿ ಅದನ್ನು ಎದೆಗೆ ಅವಚಿಕೊಂಡೆ. ಅದೇ ಗಳಿಗೆಯಲ್ಲಿ ಆ ಕಡೆಯ ಹುಡುಗಿಯ ಮಂಡಿ ನಿನ್ನ ಕಿವಿಯ ಮೇಲಕ್ಕೆ ಬಡಿಯಿತು. ಅವಳು ಬೇಕಂತ ಮಾಡಿದ್ದಲ್ಲ. ನೀನು ಚೆಂಡು ಬಿಡಲಿಲ್ಲ. ಎದ್ದು ಹೆಬ್ಬೆರಳು ತೋರಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಆಮೇಲೆ ನೀನು ಗೋಲ್ ಕಿಕ್‌ಗೆ ಚೆಂಡು ಇಟ್ಟೆ. ತೆಗೆದೆ. ಮತ್ತೆ ಇಟ್ಟೆ. ಹೀಗೆ ಮೂರು ಸಲ. ರಾತ್ರಿ ಊಟಕ್ಕೆ ಕೂತಾಗ ಲೈಟ್ ಆರಿಸಿ ಅಂದೆ. ಕೊನೆಗೆ ಎಷ್ಟು ಗೋಲಾಯ್ತು ಅಂತ ಎರಡು ಸಲ ಕೇಳಿದೆ. ಎರಡನೇ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಬೆಳಿಗ್ಗೆ ಎದ್ದವಳೇ ಸರಿಹೋಗಿದೆ ಅಂತ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹಾಸ್ಟೆಲಿಗೆ ಹೊರಟುಬಿಟ್ಟೆ. ಆಗಲೇ ನಿನ್ನನ್ನು ತಡೆಯಬೇಕಿತ್ತು. ತಡೆಯಲಿಲ್ಲ. ಅದು ನನ್ನ ತಪ್ಪು.

ನಿನ್ನ ಕೋಣೆಯ ಗೋಡೆಯ ಮೇಲೆ ಅಮೆರಿಕದ ಗೋಲ್‌ಕೀಪರ್ ಬ್ರಿಯಾನಾ ಸ್ಕರಿ ಅವರ ಫೋಟೊ ಇದೆಯಲ್ಲ, ನೀನು ಹೋದ ಮೇಲೆ ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. 1999ರ ಮಹಿಳಾ ವಿಶ್ವಕಪ್ ಫೈನಲ್‌ನ ಆ ಪೆನಾಲ್ಟಿಯನ್ನು ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೆ! ರೋಸ್ ಬೌಲ್ ಮೈದಾನದಲ್ಲಿ 90 ಸಾವಿರ ಜನ. ಅಮೆರಿಕ, ಚೀನಾ ಎರಡೂ ಗೋಲಿಲ್ಲದೆ 120 ನಿಮಿಷ ಆಡಿ ಮುಗಿಸಿವೆ. ಸ್ಕರಿ ಸಾಮಾನ್ಯವಾಗಿ ಒದೆಯಲು ಬರುವವರ ಮುಖ ನೋಡುತ್ತಿರಲಿಲ್ಲವಂತೆ. ಮೂರನೆಯವರಾಗಿ ಲಿಯು ಯಿಂಗ್ ನಡೆದು ಬರುವಾಗ ಮಾತ್ರ ನೋಡಿದರು. ನೋಡಿದ ಕೂಡಲೇ ಇದನ್ನು ಹಿಡಿಯುತ್ತೇನೆ ಅಂತ ಗೊತ್ತಾಯಿತು ಅಂತ ಅವರೇ ಹೇಳಿದ್ದಾರೆ. ಎಡಕ್ಕೆ ಹಾರಿ ಚೆಂಡನ್ನು ತಳ್ಳಿದರು. ಕಿಕ್‌ಗೂ ಮೊದಲೇ ಗೆರೆ ಬಿಟ್ಟು ಮುಂದೆ ಬಂದಿದ್ದರು, ಅದು ನಿಜ. ಆ ಬಗ್ಗೆ ನೀನು ನನ್ನ ಜೊತೆ ಜಗಳ ಆಡಿದ್ದೂ ನೆನಪಿದೆ. ಆದರೆ ಮರುದಿನದಿಂದ ಜಗತ್ತು ನೋಡಿದ್ದು ಕೊನೆಯ ಪೆನಾಲ್ಟಿ ಹೊಡೆದ ಬ್ರಾಂಡಿ ಚಾಸ್ಟೇನ್ ಅವರ ಫೋಟೊವನ್ನು. ಗೋಲ್‌ಕೀಪರ್ ಆಗಬೇಕು ಅಂದವರು ಇದಕ್ಕೆ ಸಿದ್ಧರಿರಬೇಕು. ನೀನು ಸಿದ್ಧಳಿದ್ದೀಯ, ನನಗೆ ಗೊತ್ತು.

ಅವರ ದಾರಿ ನೆಟ್ಟಗೆ ಇರಲಿಲ್ಲ. 1996ರಲ್ಲಿ ಒಲಿಂಪಿಕ್ ಚಿನ್ನ, 1999ರಲ್ಲಿ ವಿಶ್ವಕಪ್. ಮರುವರ್ಷವೇ ಸಿಡ್ನಿ ಒಲಿಂಪಿಕ್ಸ್‌ಗೆ ಗೋಲಿನ ಜಾಗ ಇನ್ನೊಬ್ಬರ ಪಾಲಾಯಿತು. ಕಷ್ಟಪಟ್ಟು ವಾಪಸ್ ಬಂದರು. 2004ರಲ್ಲಿ ಮತ್ತೆ ಚಿನ್ನ. 2007ರ ವಿಶ್ವಕಪ್‌ನಲ್ಲಿ ತಂಡದ ಇನ್ನೊಬ್ಬ ಗೋಲ್‌ಕೀಪರ್ ಹೋಪ್ ಸೋಲೋ ಚೆನ್ನಾಗಿ ಆಡುತ್ತಿದ್ದರೂ ಸೆಮಿಫೈನಲ್‌ಗೆ ಕೋಚ್ ಸ್ಕರಿಯನ್ನು ಇಳಿಸಿದರು. ಬ್ರೆಜಿಲ್ 4-0 ಗೆದ್ದಿತು. ಹನ್ನೊಂದು ಜನರ ತಂಡದಲ್ಲಿ ಈ ಒಂದು ಜಾಗಕ್ಕೆ ಒಬ್ಬರೇ. ಎರಡನೆಯವರು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ಪೆಟ್ಟು ಬಿದ್ದರೂ ನೀನು ಹೆಬ್ಬೆರಳು ಎತ್ತಿದ್ದು ಅದಕ್ಕೇ ಅಲ್ವಾ? ಹೊರಗೆ ಹೋದರೆ ಜಾಗ ಹೋಗುತ್ತೆ ಅನ್ನೋ ಭಯ. ನಿನ್ನ ಆ ಭಯ ನನಗೆ ಅರ್ಥವಾಗುತ್ತೆ.

ದೇಶಕ್ಕಾಗಿ 170ಕ್ಕೂ ಹೆಚ್ಚು ಪಂದ್ಯ ಆಡಿದ ಆ ಗೋಲ್‌ಕೀಪರ್‌ನ ಆಟ ನಿಂತದ್ದು ಹೇಗೆ ಗೊತ್ತಾ? 2010ರಲ್ಲಿ ಒಂದು ಕ್ಲಬ್ ಪಂದ್ಯ. ಕೆಳಗೆ ಬಂದ ಚೆಂಡನ್ನು ಹಿಡಿಯಲು ಬಾಗಿದರು. ಎದುರಾಳಿಯ ಮಂಡಿ ತಲೆಯ ಪಕ್ಕಕ್ಕೆ ಬಡಿಯಿತು. ಎದ್ದರು. ಅರ್ಧ ಸಮಯದವರೆಗೂ ಆಡಿದರು. ಅದೇ ಅವರ ಕೊನೆಯ ಆಟ. ತಲೆನೋವು, ಮರೆವು, ಮನಸ್ಸು ಕುಗ್ಗಿಹೋಗುವುದು, ಇದು ವರ್ಷಗಟ್ಟಲೆ ನಡೆಯಿತು. ಕೈಯಲ್ಲಿ ದುಡ್ಡಿಲ್ಲದೆ ಎರಡೂ ಒಲಿಂಪಿಕ್ ಚಿನ್ನವನ್ನು ಅಡವಿಟ್ಟರು. 2013ರಲ್ಲಿ ತಲೆಯ ಹಿಂಭಾಗದ ನರಗಳಿಗೆ ಆಪರೇಷನ್ ಆದ ಮೇಲೆ ನೋವು ಇಳಿಯಿತು, ಪದಕಗಳೂ ವಾಪಸ್ ಬಂದವು. 2017ರಲ್ಲಿ ಅಮೆರಿಕದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಅವರನ್ನು ಆರಿಸಿದರು. ಆದರೆ ಗೋಲಿಗೆ ಮತ್ತೆ ಬರಲಾಗಲಿಲ್ಲ.

ಕಿವಿಯ ಮೇಲೆ ಮಂಡಿ. ಎದ್ದು ನಿಂತು ಆಡಿದ್ದು. ಈ ಕಥೆ ಗೊತ್ತಿದ್ದ ನಾನೇ ಭಾನುವಾರ ಚಪ್ಪಾಳೆ ಹೊಡೆದೆ. ಅದು ನನ್ನನ್ನು ಕೊರೆಯುತ್ತಿದೆ.

1956ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲ್‌ಕೀಪರ್ ಬರ್ಟ್ ಟ್ರೌಟ್‌ಮನ್ ಕುತ್ತಿಗೆಯ ಮೂಳೆ ಮುರಿದಿದ್ದರೂ ಕೊನೆಯ 17 ನಿಮಿಷ ಗೋಲು ಕಾಯ್ದರು. ಆ ಕಥೆಯನ್ನು ಎಲ್ಲರೂ ಕೋಚಿಂಗ್ ಕ್ಯಾಂಪ್‌ಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆಗ ಬದಲಿ ಆಟಗಾರರನ್ನು ಇಳಿಸಲು ನಿಯಮವೇ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ನಿನಗೆ ಬದಲಿ ಇದ್ದಾಳೆ. ಇನ್ನೂ ಒಂದು: ಗಾಯವಾದ ಬೇರೆ ಆಟಗಾರರು ಚಿಕಿತ್ಸೆ ಪಡೆದ ಮೇಲೆ ಸಾಮಾನ್ಯವಾಗಿ ಗೆರೆಯಾಚೆ ಹೋಗಿ ಬರಬೇಕು. ಗೋಲ್‌ಕೀಪರ್ ಹೋಗಬೇಕಿಲ್ಲ, ಮೈದಾನದಲ್ಲೇ ಡಾಕ್ಟರು ನೋಡಬಹುದು. ನಿನ್ನ ತಲೆಯನ್ನು ನೋಡೋಕೆ ಆಟವೇ ಹೊತ್ತು ಕೊಡುತ್ತೆ. ಸುಮ್ನೆ ಕೂತ್ಕೋ, ನೋಡಲಿ.

ಗೋಲ್‌ಕೀಪರ್ ಪೀಟರ್ ಚೆಕ್ ಗೊತ್ತಲ್ಲ, ಕಪ್ಪು ಹೆಲ್ಮೆಟ್‌ನವರು. 2006ರ ಅಕ್ಟೋಬರ್‌ನಲ್ಲಿ ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಎದುರಾಳಿಯ ಮಂಡಿ ತಗುಲಿ ತಲೆಬುರುಡೆ ಒಡೆಯಿತು. ಆಪರೇಷನ್ ಆಯಿತು. ಸುಮಾರು ಮೂರು ತಿಂಗಳು ಆಡಲಿಲ್ಲ. ಆಮೇಲೆ ಆ ಹೆಲ್ಮೆಟ್ ಹಾಕಿಕೊಂಡು ಬಂದವರು 2019ರವರೆಗೆ ಆಡಿದರು. ಜೆಕ್ ದೇಶಕ್ಕೆ ಒಟ್ಟು 124 ಪಂದ್ಯ. 2012ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪೆನಾಲ್ಟಿಗಳನ್ನು ತಡೆದದ್ದು ಅದೇ ಹೆಲ್ಮೆಟ್‌ನಲ್ಲೇ. ಮೂರು ತಿಂಗಳು ಮನೆಯಲ್ಲಿ ಕೂತದ್ದಕ್ಕೆ ಯಾರೂ ಅವರನ್ನು ಮರೆಯಲಿಲ್ಲ.

ಗೋಲ್‌ಕೀಪರ್‌ಗಳಿಗೆ ವಯಸ್ಸು ತಡವಾಗಿ ಬರುತ್ತೆ ಕಂದ. ಡಿನೋ ಜಾಫ್ 1982ರಲ್ಲಿ ಇಟಲಿಯ ನಾಯಕರಾಗಿ ವಿಶ್ವಕಪ್ ಎತ್ತಿದಾಗ 40 ವರ್ಷ. ಈಜಿಪ್ಟ್‌ನ ಎಸಾಮ್ ಎಲ್ ಹದರಿ 2018ರ ವಿಶ್ವಕಪ್‌ನಲ್ಲಿ 45ನೇ ವಯಸ್ಸಿನಲ್ಲಿ ಪೆನಾಲ್ಟಿ ತಡೆದರು. ನಿನಗಿನ್ನೂ 17.

ಬುಧವಾರ ಡಾಕ್ಟರ ಹತ್ತಿರ ಹೋಗೋಣ, ಸಮಯ ತೆಗೆದುಕೊಂಡಿದ್ದೇನೆ. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ತಲೆನೋವು ಜಾಸ್ತಿಯಾದರೆ, ವಾಂತಿ ಬಂದರೆ, ಮಂಪರು ಬಂದರೆ ಬುಧವಾರದವರೆಗೆ ಕಾಯಬೇಡ. ಮಧ್ಯರಾತ್ರಿಯಾದರೂ ವಾರ್ಡನ್ನನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗು, ನನಗೂ ಫೋನ್ ಮಾಡು. ನಿನ್ನ ಕೋಚ್ ಜೊತೆ ಮಾತಾಡಿದ್ದೇನೆ. ಶನಿವಾರದ ಮ್ಯಾಚ್‌ಗೆ ನೀನಿಲ್ಲ. ಕೋಪ ಬಂದರೆ ನನ್ನ ಮೇಲೆ ಮಾಡ್ಕೋ, ಅವರ ಮೇಲೆ ಬೇಡ.

ನೀನು ಗ್ಲೌಸ್ ಬಿಟ್ಟು ಹೋಗಿದ್ದೀಯ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದ್ದೇನೆ. ಬಿಸಿಲಿಗೆ ಹಾಕಿದರೆ ಅಂಗೈ ರಬ್ಬರ್ ಬಿರಿಯುತ್ತೆ ಅಂತ ನೀನೇ ಹೇಳಿಕೊಟ್ಟಿದ್ದೆ. ಎಡಗೈಯ ತೋರುಬೆರಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು, ನಿನ್ನಮ್ಮ ಹಾಕಿದ್ದಾಳೆ. ಡಾಕ್ಟರು ಆಡಬಹುದು ಅಂದ ದಿನ ತಂದುಕೊಡುತ್ತೇನೆ.

ನಿನ್ನ
ಅಪ್ಪ