ಎಷ್ಟು ಸೈಟೇಶನ್ ಅನ್ನುವುದಕ್ಕಿಂತ ಏನು ಕಂಡುಹಿಡಿದರು ಅಂತ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಒಬ್ಬ ವೈರಾಣು ವಿಜ್ಞಾನಿಯ ಪರಿಚಯ ಬಂದಿತ್ತು. ಖುಷಿಯಿಂದ ಓದಲು ಕೂತೆ. ಎಷ್ಟು ಸಂಶೋಧನಾ ಪೇಪರ್ ಬರೆದಿದ್ದಾರೆ, ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಅವುಗಳ ಉಲ್ಲೇಖ) ಎಷ್ಟು, ಆ ಉಲ್ಲೇಖಗಳಿಂದ ಲೆಕ್ಕಹಾಕುವ ಎಚ್-ಇಂಡೆಕ್ಸ್ ಎಷ್ಟು, ಎಲ್ಲವೂ ಇತ್ತು. ಯಾವ ವೈರಸ್ ಮೇಲೆ ಕೆಲಸ ಮಾಡಿದರು, ಅದರಿಂದ ಏನು ಗೊತ್ತಾಯಿತು ಅನ್ನುವುದು ಮಾತ್ರ ಕೊನೆಯ ಸಾಲಿನವರೆಗೂ ಸಿಗಲಿಲ್ಲ. ಅದಕ್ಕೇ ಈ ಪತ್ರ.

ನಾನು 31 ವರ್ಷ ವೈರಸ್ ಲ್ಯಾಬಿನಲ್ಲಿ ತಂತ್ರಜ್ಞೆಯಾಗಿದ್ದವಳು. ಜಾಸ್ತಿ ಮಾಡಿದ್ದು ಪ್ಲೇಕ್ ಎಣಿಸುವ ಕೆಲಸ. ತಟ್ಟೆಯ ಗುಳಿಗಳಲ್ಲಿ ಜೀವಕೋಶಗಳನ್ನು ಒಂದೇ ಪದರವಾಗಿ ಬೆಳೆಸಬೇಕು. ಅದಕ್ಕೆ ವೈರಸ್ ಹಾಕಿ, ಅಲ್ಲಿ ಇಲ್ಲಿ ಹರಡದಂತೆ ಮೇಲೆ ಅಗರ್ ಎಂಬ ಜೆಲ್ಲಿ ಹೊಯ್ಯಬೇಕು. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದರೆ, ವೈರಸ್ ಕೋಶಗಳನ್ನು ಕೊಂದ ಜಾಗಗಳು ಮಾತ್ರ ಬಣ್ಣ ಹಿಡಿಯದೆ ಪುಟ್ಟ ಚುಕ್ಕಿಗಳಾಗಿ ಕಾಣುತ್ತವೆ. ಇವೇ ಪ್ಲೇಕ್‌ಗಳು. ತಟ್ಟೆಯನ್ನು ಬೆಳಕಿಗೆ ಹಿಡಿದು, ಹಿಂಭಾಗದಲ್ಲಿ ಪೆನ್ನಿನಿಂದ ಒಂದೊಂದಕ್ಕೂ ಗುರುತು ಹಾಕುತ್ತಾ ಎಣಿಸುತ್ತಿದ್ದೆ. ಎರಡು ಚುಕ್ಕಿ ಕೂಡಿಕೊಂಡಿದ್ದರೆ ಮತ್ತೆ ಮೊದಲಿಂದ.

ಪ್ರಾಣಿಗಳ ವೈರಸ್‌ಗೆ ಈ ವಿಧಾನ ತಂದವರು ವೈರಾಣು ವಿಜ್ಞಾನಿ ರೆನಾಟೊ ಡುಲ್ಬೆಕೊ, 1952ರಲ್ಲಿ. ಇವತ್ತು ಪ್ಲೇಕ್ ಎಣಿಸುವ ಎಷ್ಟೋ ಜನ ಆ ಪೇಪರಿನ ಹೆಸರೇ ಎತ್ತುವುದಿಲ್ಲ. ತಪ್ಪು ಅಂತಲ್ಲ, ಅದು ಎಲ್ಲರ ಕೈಕೆಲಸವಾಗಿಬಿಟ್ಟಿದೆ. ಆದರೆ ಆ ಋಣ ಯಾವ ಸೈಟೇಶನ್ ಲೆಕ್ಕಕ್ಕೆ ಬರುತ್ತದೆ ಹೇಳಿ?

ಎಚ್-ಇಂಡೆಕ್ಸ್ ಅಂದರೆ ದೊಡ್ಡ ಸಂಗತಿ ಏನಲ್ಲ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟ ಲೆಕ್ಕ ಅದು. ಒಬ್ಬರ 20 ಪೇಪರ್‌ಗಳು ತಲಾ ಕನಿಷ್ಠ 20 ಸಲ ಉಲ್ಲೇಖವಾಗಿದ್ದರೆ ಅವರ ಎಚ್-ಇಂಡೆಕ್ಸ್ 20. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡರೂ ಸಾಮಾನ್ಯವಾಗಿ ಅದು ಲೆಕ್ಕಕ್ಕೆ ಸೇರುತ್ತದೆ. ಯಾವ ವೈರಸ್ ಮೇಲೆ ಜನ ಮುಗಿಬಿದ್ದಿದ್ದಾರೋ ಅಲ್ಲಿ ಸಂಖ್ಯೆ ತಾನಾಗಿ ಏರುತ್ತದೆ. ನಮ್ಮ ಲ್ಯಾಬಿನ ಹುಡುಗಿಯೊಬ್ಬಳು ಆರಿಸಿಕೊಂಡ ವೈರಸ್ ಮೇಲೆ ಕೆಲಸ ಮಾಡುವವರೇ ಬೆರಳೆಣಿಕೆಯಷ್ಟು. ನಾಲ್ಕು ವರ್ಷ ದುಡಿದು ಒಂದು ಪೇಪರ್ ತಂದಳು. ಕೆಲಸದ ಸಂದರ್ಶನಕ್ಕೆ ಹೋದರೆ ಮೊದಲ ಪ್ರಶ್ನೆಯೇ ಎಚ್-ಇಂಡೆಕ್ಸ್. 'ಅಕ್ಕಾ, ಪೇಪರಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ' ಅಂದಳು. ಆ ಪೇಪರಿನ ತಟ್ಟೆಗಳನ್ನು ಎಣಿಸಿದವಳು ನಾನು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಜೂನ್ ಅಲ್ಮೇಡಾ ಹೆಸರನ್ನು ನಿಮ್ಮ ಓದುಗರಿಗೆ ಹೇಳಬೇಕು. 16ನೇ ವಯಸ್ಸಿಗೆ ಶಾಲೆ ಬಿಟ್ಟು, ಸ್ಕಾಟ್ಲೆಂಡಿನ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಲ್ಯಾಬ್ ತಂತ್ರಜ್ಞೆಯಾಗಿ ಸೇರಿದವರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸುತ್ತಲೂ ಕಿರೀಟದಂಥ ಅಂಚಿರುವ ವೈರಸ್ ಕಂಡು ಬರೆದ ಪೇಪರ್ ತಿರಸ್ಕಾರವಾಯಿತು. ಇವು ಇನ್‌ಫ್ಲುಯೆಂಜಾ ವೈರಸ್‌ನ ಕೆಟ್ಟ ಫೋಟೋಗಳು ಅಂದರು ಪರಿಶೀಲಕರು. ಮನುಷ್ಯರಲ್ಲಿನ ಅಂಥದೇ ವೈರಸ್‌ನ ಚಿತ್ರಗಳು ಪ್ರಕಟವಾದದ್ದು 1967ರಲ್ಲಿ. ಮರುವರ್ಷ ಅವಕ್ಕೆ ಕೊರೊನಾವೈರಸ್ ಅಂತ ಹೆಸರು ಬಂತು. ಆ ತಿರಸ್ಕಾರದ ದಿನ ಯಾರಾದರೂ ಅವರ ಸೈಟೇಶನ್ ಕೇಳಿದ್ದರೆ ಏನು ಹೇಳಬೇಕಿತ್ತು?

ಇನ್ನೊಂದು ಮಾತು. 2020ರ ಮೇನಲ್ಲಿ, ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯ ಬಗ್ಗೆ 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪೇಪರ್, ದತ್ತಾಂಶವನ್ನೇ ನಂಬಲಾಗದು ಎಂದು ಎರಡು ವಾರದೊಳಗೆ ವಾಪಸ್ ಹೋಯಿತು. ಆಮೇಲೂ ಅದನ್ನು ಉಲ್ಲೇಖಿಸುವುದು ನಿಲ್ಲಲಿಲ್ಲ. ಹೊಗಳಲು ಉಲ್ಲೇಖಿಸಿದರೋ ತೆಗಳಲೋ, ಸಂಖ್ಯೆಗೆ ಅದು ಗೊತ್ತಾಗುವುದಿಲ್ಲ.

ಸೈಟೇಶನ್ ಬರೆಯಲೇಬೇಡಿ ಅನ್ನುತ್ತಿಲ್ಲ. ಮುಂದಿನ ಸಲ ವಿಜ್ಞಾನಿಯೊಬ್ಬರ ಪರಿಚಯ ಮಾಡುವಾಗ, 'ನಿಮ್ಮ ಪೇಪರ್‌ಗಳಲ್ಲಿ ಒಂದನ್ನೇ ಓದುವುದಾದರೆ ಯಾವುದನ್ನು ಓದಲಿ?' ಅಂತ ಅವರನ್ನೇ ಕೇಳಿ. ಅದರಲ್ಲಿ ಏನಿದೆ ಅಂತ ನಾಲ್ಕು ಸಾಲು ಬರೆಯಿರಿ. ಹಾಗೆಯೇ, ಆ ಕೆಲಸಕ್ಕೆ ತಟ್ಟೆ ಎಣಿಸಿದವರು ಯಾರು ಅಂತಲೂ ಕೇಳಿ.

ಇಂತಿ,
ನಿವೃತ್ತ ಲ್ಯಾಬ್ ತಂತ್ರಜ್ಞೆ