ಬಫರ್ ಎಷ್ಟು ಮೀಟರ್ ಅಂತ ಒಂದೇ ಸಲ ಹೇಳಿಬಿಡಿ

ಮಾನ್ಯ ಬೆಂಗಳೂರು ನಗರಾಭಿವೃದ್ಧಿ ಸಚಿವರಿಗೆ,

ನಮಸ್ಕಾರ. ಗೃಹಸಾಲ ಕೊಡುವ ಬ್ಯಾಂಕುಗಳಿಗೆ ಆಸ್ತಿಯ ಬೆಲೆ ಕಟ್ಟಿಕೊಡುವುದು ನನ್ನ ಕಸುಬು. ಸರ್ಜಾಪುರ ರಸ್ತೆ, ವರ್ತೂರು, ಹೊರಮಾವು ಕಡೆಯ ಫೈಲು ಬಂದರೆ ಗೋಡೆ, ಪಿಲ್ಲರ್ ನೋಡುವ ಮೊದಲು ಗ್ರಾಮ ನಕ್ಷೆ ಬಿಚ್ಚುತ್ತೇನೆ. ಪಕ್ಕದಲ್ಲಿ ಕೆರೆ ಇದೆಯೇ? ಮಳೆನೀರು ಹರಿಯುವ ರಾಜಕಾಲುವೆ ಹಾದಿದೆಯೇ? ಹಾದಿದ್ದರೆ ಯಾವ ದರ್ಜೆಯದು? ಅವುಗಳ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಜಾಗ, ಅಂದರೆ ಬಫರ್, ಎಷ್ಟು ಮೀಟರ್? ಇದು ಇತ್ಯರ್ಥವಾಗದೆ ಚದರಡಿಗೆ ಎಷ್ಟು ಅನ್ನುವ ಮಾತೇ ಏಳುವುದಿಲ್ಲ.

ಪರಿಸರದ ನಿಯಮ ಬಿಗಿ ಮಾಡಿದರೆ ಬಂಡವಾಳವೆಲ್ಲ ಹೈದರಾಬಾದಿಗೆ ಹೋಗುತ್ತದೆ ಎಂದು ನಿಮ್ಮ ಮುಂದೆ ಕೂತು ಹೇಳುವವರಿದ್ದಾರೆ. ನಾನು ಕಂಡದ್ದು ಬೇರೆ. ಬಿಗಿ ನಿಯಮಕ್ಕೆ ಬೆಲೆ ಕಟ್ಟಬಹುದು. ಬಿಡಬೇಕಾದ ಜಾಗ ಬಿಟ್ಟು ಉಳಿದದ್ದಕ್ಕೆ ಲೆಕ್ಕ ಹಾಕಿದರಾಯಿತು. ಇವತ್ತೊಂದು ನಾಳೆಯೊಂದು ಆಗುವ ನಿಯಮಕ್ಕೆ ಬೆಲೆ ಕಟ್ಟುವುದು ಹೇಗೆ?

ನೀವೇ ನೋಡಿ. ಈ ಊರು ಇನ್ನೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, ಹೆಸರಿನಲ್ಲೇ 2015 ಅಂತಿರುವ ಮಾಸ್ಟರ್ ಪ್ಲಾನಿನ ಮೇಲೆ. (2031ರದ್ದರ ಕರಡು ಬಂತು, ವಾಪಸ್ಸೂ ಹೋಯಿತು.) ಅದರಲ್ಲಿ ಕೆರೆಗೆ 30 ಮೀಟರ್ ಬಫರ್, ರಾಜಕಾಲುವೆಗೆ ದರ್ಜೆ (ದೊಡ್ಡದು, ಮಧ್ಯಮ, ಸಣ್ಣದು) ನೋಡಿಕೊಂಡು 50, 25, 15. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಅಂದಿತು, ಕಾಲುವೆಗಳಿಗೆ 50, 35, 25. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು, ಮತ್ತೆ 30ಕ್ಕೆ ಬಂದೆವು. 2025ರಲ್ಲಿ ಕೆರೆಯ ವಿಸ್ತೀರ್ಣ ನೋಡಿ ಬಫರ್ ಇಳಿಸುವ ತಿದ್ದುಪಡಿ ವಿಧೇಯಕವನ್ನು ವಿಧಾನಮಂಡಲ ಪಾಸು ಮಾಡಿತು. ಒಂದು ಗೃಹಸಾಲದ ಅವಧಿ ಇಪ್ಪತ್ತು ವರ್ಷ. ಅದರ ಅರ್ಧದೊಳಗೇ ಇಷ್ಟೊಂದು ಬದಲಾವಣೆ.

ದೊಡ್ಡ ಬಿಲ್ಡರಿಗೆ ಇದರಿಂದ ಊಟ ತಪ್ಪುವುದಿಲ್ಲ. ಅವರಿಗೆ ವಕೀಲರಿದ್ದಾರೆ, ಬೇರೆ ಕಡೆ ಜಮೀನಿದೆ, ಕಾಯುವ ತಾಕತ್ತಿದೆ. 75 ಮೀಟರಿನ ಕಾಲದಲ್ಲಿ 30x40 ಸೈಟು ಕೊಂಡು ಪ್ಲಾನ್ ಮಂಜೂರಾಗದೆ ಕೂತವರಿಗೆ ಇದ್ದದ್ದು ತಿಂಗಳ ಕಂತು ಮಾತ್ರ.

ಹಾಗಂತ ಬಫರ್ ಇಳಿಸಿ ಎಂದು ಕೇಳುತ್ತಿಲ್ಲ; ಆ ತಿದ್ದುಪಡಿ ನನಗೆ ಸರಿ ಕಾಣಲಿಲ್ಲ. ದೊಡ್ಡ ನದಿಯಿಲ್ಲದ ಊರು ನಮ್ಮದು. ಈ ಪೂರ್ವ ಭಾಗದ ಮಳೆನೀರು ಮೇಲಿನ ಕೆರೆಯಿಂದ ಕೆಳಗಿನದಕ್ಕೆ ಕೋಡಿ ಬಿದ್ದು, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಬೇಕು. ಮೊದಲ ಮಳೆಯನ್ನು ಹಿಡಿದಿಡುವುದು ಮೇಲ್ಭಾಗದ ಸಣ್ಣ ಕೆರೆ, ಕಟ್ಟೆಗಳು. ಸಣ್ಣದೆಂದು ಅಲ್ಲೇ ಸಡಿಲಬಿಟ್ಟರೆ ಆ ನೀರು ಕೆಳಗಿನವರ ಬೇಸ್‌ಮೆಂಟಿಗೆ ಇಳಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು ನಿಮಗೂ ನೆನಪಿರಬೇಕು. ಆ ಮಳೆಯಾದ ಮೇಲೆ ನನ್ನ ಬಳಿ ಬರುವವರ ಮೊದಲ ಪ್ರಶ್ನೆಯೇ ಬದಲಾಗಿದೆ: "ಸಾರ್, ಅಲ್ಲಿ ನೀರು ನಿಲ್ಲುತ್ತಾ?"

ಇನ್ನು ಹೊರಗಿನ ಬಂಡವಾಳದ ಮಾತು. ದೇಶದ ಮೊದಲ ರೀಟ್ (ಹಲವರ ಹಣ ಸೇರಿಸಿ ಟೆಕ್ ಪಾರ್ಕಿನಂಥ ಬಾಡಿಗೆ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್), ಎಂಬಸಿಯದು, 2019ರಲ್ಲಿ ಷೇರುಪೇಟೆಗೆ ಬಂದದ್ದು ನಮ್ಮ ಬೆಂಗಳೂರಿನಿಂದಲೇ. ಅಂಥ ಟೆಕ್ ಪಾರ್ಕುಗಳಲ್ಲಿ ಬಾಡಿಗೆಗೆ ಬರುವ ದೊಡ್ಡ ಕಂಪನಿಗಳು ಹಸಿರು ಕಟ್ಟಡದ ಪ್ರಮಾಣಪತ್ರವನ್ನು ತಾವಾಗಿಯೇ ಕೇಳುತ್ತವೆ. ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ನೀರು, ವಿದ್ಯುತ್, ತ್ಯಾಜ್ಯದ ವರದಿ ಕೊಡಲೇಬೇಕೆಂದು 2022-23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಅಲ್ಲಿ ಹಣ ಹಾಕುವವರು ನಿಯಮಕ್ಕೆ ಹೆದರಿ ಓಡಿಲ್ಲ, ನಿಯಮ ಪಾಲಿಸಿದ ಕಟ್ಟಡವನ್ನೇ ಹುಡುಕುತ್ತಾರೆ. ಫ್ಲಾಟ್ ಕೊಳ್ಳುವ ಮೇಷ್ಟರಿಗೆ, ನರ್ಸಿಗೆ ಹಾಗೆ ಕೇಳುವ ಬಲವಿಲ್ಲ. ಅವರ ಪರವಾಗಿ ಕೇಳಬೇಕಾದವರು ನೀವು.

ಆದ್ದರಿಂದ ಮೂರು ಕೋರಿಕೆ. ಕೆರೆ, ರಾಜಕಾಲುವೆಗಳ ಬಫರ್ ಗಡಿಯನ್ನು ಸರ್ವೆ ನಂಬರ್ ಸಮೇತ ಅಧಿಸೂಚನೆಯಲ್ಲಿ ಹೊರಡಿಸಿ, ದಿಶಾಂಕ್ ಆ್ಯಪ್‌ನಲ್ಲಿ ಹಾಕಿ. ನಿಂತ ಜಾಗದ ಸರ್ವೆ ನಂಬರ್ ಹೇಳುವ ಆ್ಯಪ್ ಕೈಯಲ್ಲಿರುವಾಗ ಈ ಗೆರೆಗಾಗಿ ಜನ ಕಚೇರಿ ಅಲೆಯಬೇಕೇ? ಆಸ್ತಿ ಬಫರಿನಲ್ಲಿದ್ದರೆ ಇ-ಖಾತಾದಲ್ಲೂ ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲೂ ಅದು ನಮೂದಾಗಲಿ, ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲೇ ಕೊಳ್ಳುವವರ ಕಣ್ಣಿಗೆ ಬೀಳಲಿ. ಮುಂದೆ ಅಳತೆ ಬದಲಿಸುವುದೇ ಆದರೆ, ಆಗಲೇ ಮಂಜೂರಾದ ಪ್ಲಾನಿನ ಗತಿಯೇನೆಂದು ಅದೇ ಆದೇಶದಲ್ಲಿ ಬರೆಯಿರಿ.

ಮೊದಲ ಕೆಲಸವನ್ನು ವರ್ತೂರು ಹೋಬಳಿಯಿಂದ ಶುರು ಮಾಡಬಹುದು. ಯಾವ ತಿಂಗಳಲ್ಲಿ ಎಂದು ಸಾರ್ವಜನಿಕವಾಗಿಯೇ ಉತ್ತರಿಸಬೇಕೆಂದು ವಿನಂತಿ.

ಇಂತಿ,
ಬೆಂಗಳೂರಿನ ಒಬ್ಬ ಆಸ್ತಿ ಮೌಲ್ಯಮಾಪಕ